ಶೋರೂಮಿನ ಚೀಟಿಯಲ್ಲಿ ಬರೆಯದ ಲೆಕ್ಕ

ಚೌತಿಯಿಂದ ದೀಪಾವಳಿವರೆಗೆ ಮಂಗಳೂರು, ಉಡುಪಿಯ ಶೋರೂಮ್‌ಗಳಲ್ಲಿ ಗಾಡಿ ಬುಕ್ ಮಾಡುವವರು ಕೇಳುವುದು ಎರಡೇ ಪ್ರಶ್ನೆ: “ಕಂತು ಎಷ್ಟು ಬೀಳ್ತದೆ?”, “ಇನ್ಶೂರೆನ್ಸ್ ಸೇರಿಯೇ ಅಲ್ವಾ?” ಎರಡಕ್ಕೂ ಒಂದೇ ಚೀಟಿಯಲ್ಲಿ ಉತ್ತರ ಸಿಗುತ್ತದೆ. ಬಡ್ಡಿ ಯಾವ ಲೆಕ್ಕದ್ದು, ವಿಮೆ ಯಾವುದಕ್ಕೆ ಎಷ್ಟು ದಿನ ಎನ್ನುವುದು ಮಾತ್ರ ಆ ಚೀಟಿಯಲ್ಲಿ ಇರುವುದಿಲ್ಲ.

ಮೊದಲು ಬಡ್ಡಿ. ಸ್ಕೂಟರಿಗೆ 1,00,000 ರೂ. ಸಾಲ, 36 ಕಂತು, “ಬರೀ ಹತ್ತು ಪರ್ಸೆಂಟ್” ಎಂದರೆ ಅದು ಹೆಚ್ಚಾಗಿ ಫ್ಲಾಟ್ ದರ. ವರ್ಷಕ್ಕೆ 10,000ದಂತೆ ಮೂರು ವರ್ಷದ ಬಡ್ಡಿ 30,000 ರೂ.ಯನ್ನು ಅಸಲಿಗೆ ಸೇರಿಸಿ 36ರಿಂದ ಭಾಗಿಸುತ್ತಾರೆ. ಕಂತು 3,611 ರೂ. ಆದರೆ ಪ್ರತಿ ಕಂತಿನಲ್ಲೂ ಅಸಲು ತೀರುತ್ತಾ ಬಂದಿರುತ್ತದಲ್ಲ? ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಬಾಕಿ 40 ಸಾವಿರವೂ ಇರುವುದಿಲ್ಲ. ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆ. ಬಾಕಿ ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕಕ್ಕೆ ತಂದರೆ ಇದೇ ಸಾಲದ ದರ ಶೇ. 17.9. ಮೂರು ವರ್ಷದ ಆಸುಪಾಸಿನ ಸಾಲಕ್ಕೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿದರೆ ಅಂದಾಜು ಸಿಕ್ಕಿಬಿಡುತ್ತದೆ.

ಅದಕ್ಕೆ ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಚಾರ್ಜು, ಸಾಲಕ್ಕೊಂದು ವಿಮೆ ಎಂದು 4,500 ರೂ. ಮುರಿದುಕೊಂಡರೆ ನಿಮಗೆ ದಕ್ಕಿದ ಸಾಲ 95,500. ಕಂತು ಅಷ್ಟೇ. ನಿಜವಾದ ದರ ಶೇ. 21 ದಾಟಿತು.

ಇದನ್ನು ನೀವೇ ಗುಣಿಸಿ ಭಾಗಿಸಬೇಕಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂತಹ ಎಲ್ಲ ಹೊಸ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಸಾಲು ನೋಡಿ. ಖರ್ಚುಗಳೆಲ್ಲ ಸೇರಿದ ವಾರ್ಷಿಕ ದರ ಅದು. ಅದರಲ್ಲಿ ನಮೂದಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲು ಮಾಡುವಂತಿಲ್ಲ. ಸಹಿ ಹಾಕಿದ ಮೇಲೆ ಕೇಳಿದರೆ ಸುಖವಿಲ್ಲ, ಮೊದಲೇ ಕೇಳಿ.

1928ರಲ್ಲೇ ಉಡುಪಿಯ ಬ್ಯಾಂಕೊಂದು ಮನೆಬಾಗಿಲಿಗೆ ಬಂದು ಪಿಗ್ಮಿ ಕಟ್ಟಿಸಿಕೊಳ್ಳತೊಡಗಿತ್ತು. ಡಿಪಾಸಿಟ್ ಇಡುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಆದರೂ ಎರಡು ಲಕ್ಷದ ಎಫ್‌ಡಿ ಇಟ್ಟುಕೊಂಡು ಶೋರೂಮಿನ ಸಾಲಕ್ಕೆ ಸಹಿ ಹಾಕುವವರು ಬೇಕಷ್ಟಿದ್ದಾರೆ. ಡಿಪಾಸಿಟ್ ಮೇಲಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಡಿಪಾಸಿಟ್ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚು, ಅಷ್ಟೆ. ಶೇ. 9 ಎಂದೇ ಹಿಡಿಯೋಣ: ಲಕ್ಷಕ್ಕೆ 36 ತಿಂಗಳ ಕಂತು 3,180, ಒಟ್ಟು ಬಡ್ಡಿ ಸುಮಾರು 14,500. ಶೋರೂಮಿನ ಸಾಲದ ಬಡ್ಡಿಯ ಅರ್ಧಕ್ಕಿಂತ ಕಡಿಮೆ.

ಸಾಲಗಾರ ತೀರಿಕೊಂಡರೆ ಬಾಕಿ ತೀರಿಸಲೆಂದು ಸಾಲದ ಜೊತೆ ಅಂಟಿಸುವ ವಿಮೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ನಿಮಗೆ ಸಾಕಷ್ಟು ಮೊತ್ತದ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ, ಇದ್ದರೆ ಇದು ಬೇಡ. ಪ್ರೀಮಿಯಂ ಸಾಲಕ್ಕೇ ಸೇರುವುದರಿಂದ ಅದಕ್ಕೂ ಬಡ್ಡಿ ಕಟ್ಟುತ್ತೀರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಸಾಲದ ಜೊತೆ ಬರುವುದು ಹೆಚ್ಚಾಗಿ ಗ್ರೂಪ್ ಪಾಲಿಸಿ, ಅದಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ತೆಗೆದುಕೊಂಡಾಗಿದ್ದರೆ, ಅವಧಿಗೆ ಮುಂಚೆ ಸಾಲ ತೀರಿಸುವಾಗ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಕೇಳಿ.

ಇನ್ನು ಗಾಡಿಯ ವಿಮೆ. ಹೊಸ ಸ್ಕೂಟರಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಿಂದ ಜಾರಿಗೆ ಬರುವಂತೆ ಸರ್ಕಾರ ನಿಗದಿ ಮಾಡಿದ ದರದಲ್ಲಿ 75ರಿಂದ 150 ಸಿಸಿಯವರೆಗಿನ ಗಾಡಿಗೆ ಇದು 3,851 ರೂ., ಮೇಲೆ ಜಿಎಸ್‌ಟಿ. ನಿಮ್ಮ ಗಾಡಿ ಇನ್ನೊಬ್ಬರಿಗೆ ಮಾಡಿದ ಹಾನಿಗೆ ಮಾತ್ರ ಇದು. ಗಾಡಿ ಕಳವಾದರೆ, ನೆರೆಯಲ್ಲಿ ಮುಳುಗಿದರೆ ಬೇಕಾಗುವುದು ‘ಓಡಿ’, ಅಂದರೆ ಓನ್ ಡ್ಯಾಮೇಜ್; ಶೋರೂಮಿನವರು ಅದನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮಾಡಿಸಿರುತ್ತಾರೆ. “ಐದು ವರ್ಷದ ಇನ್ಶೂರೆನ್ಸ್ ಉಂಟು” ಎಂದು ನಂಬಿ ಎರಡನೇ ವರ್ಷ ರಿನ್ಯೂ ಮಾಡದೆ, ಕಳವಾದಾಗ ಪಾಲಿಸಿ ತೆಗೆದು ನೋಡುವವರು ಕಮ್ಮಿಯಿಲ್ಲ. ಗಾಡಿ ಹೋದರೂ ಕಂತು ನಿಲ್ಲುವುದಿಲ್ಲ.

ಓಡಿ ಇದ್ದರೂ ಸಾಲ ಪೂರ್ತಿ ತೀರುತ್ತದೆಂಬ ಖಾತ್ರಿ ಇಲ್ಲ. 8 ಲಕ್ಷ ರೂ. ಎಕ್ಸ್ ಶೋರೂಮ್ ಬೆಲೆಯ ಕಾರಿಗೆ ಅಷ್ಟೂ ಸಾಲ, ಶೇ. 9.5 ಬಡ್ಡಿ, ಏಳು ವರ್ಷ ಎಂದಿಟ್ಟುಕೊಳ್ಳಿ. ಕಂತು 13,075. 26 ಕಂತು ಕಟ್ಟಿದ ಮೇಲೂ ಬಾಕಿ ಸುಮಾರು 6,06,000. ಮೂರನೇ ವರ್ಷದಲ್ಲಿ ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿ, ಶೇ. 30 ಇಳಿದು 5,60,000. ಆಗ ಟೋಟಲ್ ಲಾಸ್ ಆದರೆ, ಅಂದರೆ ಕಾರು ಕಳವಾದರೆ ಅಥವಾ ರಿಪೇರಿಗೆ ಸಿಗದಷ್ಟು ಹಾಳಾದರೆ, ದುಡ್ಡು ಮೊದಲು ಹೋಗುವುದು ಬ್ಯಾಂಕಿಗೆ. ಉಳಿದ 46 ಸಾವಿರ ನಿಮ್ಮ ಕೈಯಿಂದ. ಡೌನ್ ಪೇಮೆಂಟ್ ಕಡಿಮೆ, ಅವಧಿ ಉದ್ದ ಇದ್ದವರಿಗೆ ಐಡಿವಿಯ ಬದಲು ಬಿಲ್ಲಿನ ಬೆಲೆಯನ್ನೇ ಕೊಡುವ ‘ರಿಟರ್ನ್ ಟು ಇನ್ವಾಯ್ಸ್’ ಎಂಬ ಆಡ್‌ಆನ್ (ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ಮೊದಲ ಮೂರು ವರ್ಷಕ್ಕಾದರೂ ಬೇಕು.

ನಮ್ಮ ಕಡೆ ಇನ್ನೊಂದು ಆಡ್‌ಆನ್‌ಗೆ ನಿಜವಾದ ಬೆಲೆಯಿದೆ: ಎಂಜಿನ್ ಪ್ರೊಟೆಕ್ಟ್. ಆಟಿ ತಿಂಗಳ ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಉಡುಪಿಯ ಕಲ್ಸಂಕದಲ್ಲೋ ನೀರು ನಿಂತಾಗ ಕಾರು ಬಂದ್ ಬೀಳುತ್ತದೆ. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡುತ್ತೀರಿ. ಗಾಳಿ ಹೋಗುವ ದಾರಿಯಲ್ಲಿ ಸಿಲಿಂಡರಿಗೆ ನೀರು ನುಗ್ಗಿರುತ್ತದೆ. ನೀರನ್ನು ಅದುಮಲಾಗದು, ಹಾಗಾಗಿ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾದಾ ಪಾಲಿಸಿಯಲ್ಲಿ ಸೀಟು, ವಯರಿಂಗ್ ಹಾಳಾದದ್ದಕ್ಕೆ ಹಣ ಸಿಗಬಹುದು. ಎಂಜಿನ್ ಮಾತ್ರ ನೀವು ಸ್ಟಾರ್ಟ್ ಮಾಡಿದ್ದರಿಂದ ಕೆಟ್ಟದ್ದು ಎಂದು ಕ್ಲೇಮ್ ತಳ್ಳಿಹಾಕುತ್ತಾರೆ. ಕೀ ತಿರುಗಿಸಬೇಡಿ. ನೀರು ಎಲ್ಲಿವರೆಗೆ ಬಂದಿದೆ ಎಂದು ಕಾಣುವ ಹಾಗೆ ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸಿ. ಉಪ್ಪುಗಾಳಿಗೆ ಹಿಡಿದ ತುಕ್ಕಿಗೆ ಯಾವ ಪಾಲಿಸಿಯೂ ಕೊಡುವುದಿಲ್ಲ.

ಸಣ್ಣ ಗೀರಿಗೆ ಕ್ಲೇಮ್ ಹಾಕುವುದು ಮಾತ್ರ ನಷ್ಟದ ಬಾಬ್ತು. ಮೂರು ವರ್ಷ ಕ್ಲೇಮ್ ಇಲ್ಲದೆ ಶೇ. 35 ನೋ ಕ್ಲೇಮ್ ಬೋನಸ್ ಬಂದಿದೆ, ಓಡಿ ಮೂಲ ಪ್ರೀಮಿಯಂ 10,000 ಎನ್ನಿ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷದ ರಿಯಾಯಿತಿ ಶೇ. 45, ಮತ್ತೆ ನಾಲ್ಕು ಸಲ 50. ಮಾಡಿದರೆ 0, 20, 25, 35, 45. ಪ್ರೀಮಿಯಂ ಅಷ್ಟೇ ಇದ್ದರೆ ವ್ಯತ್ಯಾಸ ಒಟ್ಟು 12,000 ರೂ. ಬಂಪರ್ ಒಡೆದದ್ದಕ್ಕೆ ಪ್ಲಾಸ್ಟಿಕ್ಕಿನ ಅರ್ಧ ಬೆಲೆ ಸವಕಳಿಯೆಂದು ಕಳೆದು, ಕಡ್ಡಾಯ ಕಡಿತದ 1,000ವನ್ನೂ ಮುರಿದು ಕೈಗೆ ಬರುವುದು ಎರಡು ಮೂರು ಸಾವಿರ. ಗ್ಯಾರೇಜಿನವರು “ಇನ್ಶೂರೆನ್ಸಲ್ಲಿ ಮಾಡುವ” ಎಂದರೂ ಈ ಲೆಕ್ಕ ಹಾಕಿಯೇ ಹೂಂ ಎನ್ನಿ. ಪಾಲಿಸಿ ಮುಗಿದು ರಿನ್ಯೂ ಮಾಡದೆ 90 ದಿನ ದಾಟಿದರೂ ಈ ಬೋನಸ್ ಹೋಗುತ್ತದೆ.

ಕೊನೆಯ ಕಂತು ಕಟ್ಟಿದ ಮೇಲೂ ಎರಡು ಕೆಲಸ ಬಾಕಿ. ಫೈನಾನ್ಸಿನವರಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಸಾಲದ ಒಪ್ಪಂದ ಮುಗಿದದ್ದನ್ನು ತಿಳಿಸುವ ಫಾರ್ಮ್ 35 ತಂದು ಆರ್‌ಟಿಒದಲ್ಲಿ ಆರ್‌ಸಿಯಿಂದ ಅವರ ಹೆಸರು ತೆಗೆಸಬೇಕು. ಎನ್‌ಒಸಿಗೆ ಸಾಮಾನ್ಯವಾಗಿ ವಾಯಿದೆ ಇರುತ್ತದೆ, ಕಪಾಟಿನಲ್ಲಿಟ್ಟು ಮರೆಯಬೇಡಿ. ಆಮೇಲೆ ಆರ್‌ಸಿ ಪ್ರತಿ ಕೊಟ್ಟು ವಿಮಾ ಪಾಲಿಸಿಯಿಂದಲೂ ಆ ಹೆಸರು ತೆಗೆಸಿ. ಇದನ್ನು ಬಿಟ್ಟರೆ, ಸಾಲ ತೀರಿದ ಗಾಡಿಯ ಟೋಟಲ್ ಲಾಸ್ ಹಣಕ್ಕೂ ಫೈನಾನ್ಸ್ ಆಫೀಸಿಗೆ ಅಲೆಯಬೇಕಾಗುತ್ತದೆ.