ತೂತಿಗೆ ವಯಸ್ಸು ಹೇಳುವುದು ಹೇಗೆ?

ಜೆರುಸಲೇಮಿನಲ್ಲಿ ಅಗೆದಾಗ ಏನಾದರೂ ಸಿಕ್ಕಿದರೆ ಸಾಕು, ಬೈಬಲ್ ನಿಜವೆಂದು ಸಾಬೀತಾಯಿತು ಎಂಬ ತಲೆಬರಹ ಬಂದುಬಿಡುತ್ತದೆ. ಇದರಿಂದ ವಿಜ್ಞಾನಕ್ಕೂ ಅನ್ಯಾಯ, ಬೈಬಲಿಗೂ ಅನ್ಯಾಯ. ಉತ್ಖನನ ಉತ್ತರಿಸಬಲ್ಲ ಪ್ರಶ್ನೆಗಳು ತೀರಾ ಚಿಕ್ಕವು. ಈ ಬಂಡೆಯನ್ನು ಕಡಿದದ್ದು ಯಾವಾಗ? ಇಷ್ಟಕ್ಕೆ ಉತ್ತರ ಹುಡುಕುವುದೇ ಎಷ್ಟು ಸೊಗಸಾದ ಕೆಲಸ ಎನ್ನುವುದಕ್ಕೆ ಅಲ್ಲಿನ, ಯೆಹೂದದ ಅರಸ ಹಿಜ್ಕೀಯನ ಹೆಸರಿನ ಸುರಂಗವನ್ನು ನೋಡಬೇಕು.

ಗೀಹೋನ್ ಬುಗ್ಗೆಯ ನೀರನ್ನು ಸಿಲೋವ ಕೊಳಕ್ಕೆ ಒಯ್ಯುವ ಈ ಸುರಂಗದ ಉದ್ದ 533 ಮೀಟರ್. ಇಷ್ಟು ದೂರದಲ್ಲಿ ಇಳಿಜಾರು ಸುಮಾರು 30 ಸೆಂಟಿಮೀಟರ್ ಮಾತ್ರ. ಎರಡು ತಂಡಗಳು ಎರಡು ತುದಿಯಿಂದ ಸುಣ್ಣಕಲ್ಲನ್ನು ಕಡಿಯುತ್ತ ಬಂದು ನಡುವೆ ಕೂಡಿವೆ. ದಾರಿ ಹಾವಿನಂತೆ ಹೊರಳಿದೆ, ಕೂಡುವ ಜಾಗದ ಹತ್ತಿರ ಅಡ್ಡ ಕಡಿದು ಬಿಟ್ಟ ಕುರುಹುಗಳಿವೆ. ಉಳಿಯ ಗೆರೆಗಳು ಒಂದು ಕಡೆ ಈ ದಿಕ್ಕಿಗೆ, ಇನ್ನೊಂದು ಕಡೆ ಆ ದಿಕ್ಕಿಗೆ ವಾಲುವುದರಿಂದ ಯಾರು ಎಲ್ಲಿಯವರೆಗೆ ಬಂದರೆಂದು ಇಂದಿಗೂ ಗುರುತಿಸಬಹುದು.

ಅರಸುಗಳು ದ್ವಿತೀಯ ಭಾಗ 20:20ರಲ್ಲಿ ಹಿಜ್ಕೀಯನು ಕೊಳ, ಕಾಲುವೆ ಮಾಡಿಸಿ ಊರೊಳಕ್ಕೆ ನೀರು ತಂದನೆಂದಿದೆ. ಅಶ್ಶೂರದ ಅರಸ ಸನ್ಹೇರೀಬ್ ದಂಡೆತ್ತಿ ಬಂದದ್ದು ಕ್ರಿ.ಪೂ. 701ರಲ್ಲಿ. ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ಅವನೇ ಮಣ್ಣಿನ ಪಟ್ಟಕದ ಮೇಲೆ ಬರೆಸಿದ್ದಾನೆ. ಆದರೂ 1996ರಲ್ಲಿ ಇಬ್ಬರು ವಿದ್ವಾಂಸರು, ಸುರಂಗ ಕ್ರಿ.ಪೂ. 2ನೇ ಶತಮಾನದ ಹೊತ್ತಿನದು ಎಂದು ವಾದಿಸಿದರು. ಬಂಡೆಗೆ ಕೋಟಿಗಟ್ಟಲೆ ವರ್ಷ ವಯಸ್ಸು, ಅದರೊಳಗಿನ ತೂತಿಗೆ ಎಷ್ಟೆಂದು ಹೇಳುವುದು?

ಭೂವಿಜ್ಞಾನಿ ಅಮೋಸ್ ಫ್ರುಮ್ಕಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಉಪಾಯ ಇದು. ನೀರು ಸೋರದಂತೆ ಸುರಂಗದ ತಳಕ್ಕೆ ಗಾರೆ ಬಳಿದಿದ್ದಾರೆ. ಗಾರೆಗೂ ಬಂಡೆಗೂ ನಡುವೆ ಹೂಳಿಲ್ಲ. ಅಂದರೆ ನೀರು ಹರಿಯುವ ಮೊದಲೇ ಬಳಿದದ್ದು. ಆ ಗಾರೆಯಲ್ಲಿ ಗಿಡದ ಚೂರುಗಳು ಸಿಕ್ಕಿಕೊಂಡಿದ್ದವು. ಬದುಕಿರುವ ಗಿಡ ಗಾಳಿಯಿಂದ ಇಂಗಾಲ-14, ಅಂದರೆ ತಾನಾಗಿಯೇ ಕ್ಷಯಿಸುವ ವಿಕಿರಣಶೀಲ ಇಂಗಾಲ, ತುಂಬಿಕೊಳ್ಳುತ್ತಲೇ ಇರುತ್ತದೆ, ಸತ್ತ ಮೇಲೆ ತುಂಬುವುದು ನಿಂತು ಸೋರುವುದಷ್ಟೇ ಉಳಿಯುತ್ತದೆ. 5,730 ವರ್ಷಕ್ಕೆ ಅರ್ಧ ಖಾಲಿ. ಗಾರೆಯ ಸುಣ್ಣವನ್ನೇ ಅಳೆದರೆ ಮೋಸ ಹೋಗುತ್ತೇವೆ, ಏಕೆಂದರೆ ಸರಿಯಾಗಿ ಬೇಯದೆ ಉಳಿದ ಕಲ್ಲಿನ ಪುಡಿಯಲ್ಲಿ ಇಂಗಾಲ-14 ಯಾವತ್ತೋ ಮುಗಿದಿರುತ್ತದೆ, ಲೆಕ್ಕ ಸಾವಿರಾರು ವರ್ಷ ಹಿಂದಕ್ಕೆ ಜಾರುತ್ತದೆ. ಹಳೇ ಮರದ ತಿರುಳೂ ಹಾಗೆಯೇ, ಕಡಿಯುವ ಎಷ್ಟೋ ವರ್ಷ ಮೊದಲೇ ಅದು ಸತ್ತಿರುತ್ತದೆ. ಎಲೆ, ಎಳೆ ರೆಂಬೆಯಂಥ ಅಲ್ಪಾಯುಷಿಗಳೇ ನಂಬಿಕಸ್ಥ ಸಾಕ್ಷಿ.

ಎರಡನೇ ಗಡಿಯಾರ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲು, ಸ್ಟಾಲಕ್ಟೈಟ್. ಯುರೇನಿಯಂ ನೀರಿನಲ್ಲಿ ಉಪ್ಪಿನಂತೆ ಕರಗಿ ಬರುತ್ತದೆ, ಥೋರಿಯಂ ಮರಳಿನಂತೆ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಹೊಸ ಪದರದಲ್ಲಿ ಯುರೇನಿಯಂ ಮಾತ್ರ. ಆಮೇಲೆ ಅಲ್ಲಿ ಕಾಣುವ ಥೋರಿಯಂ-230 ಆ ಯುರೇನಿಯಂ ಕ್ಷಯಿಸಿ ಅಲ್ಲೇ ಹುಟ್ಟಿದ್ದು. ಮೊದಲ ಗಡಿಯಾರ ದೀಪದ ಎಣ್ಣೆ ಎಷ್ಟು ಇಳಿಯಿತೆಂದು ನೋಡಿದರೆ, ಇದು ಊದುಬತ್ತಿಯ ಬೂದಿ ಎಷ್ಟು ಬಿತ್ತೆಂದು ನೋಡುತ್ತದೆ. ಧೂಳು, ಜೇಡಿ ಸೇರಿದ್ದರೆ ಹೊರಗಿನ ಥೋರಿಯಂ ಬೆರೆತು ವಯಸ್ಸು ಸುಳ್ಳೇ ಹೆಚ್ಚುತ್ತದೆ, ಅದನ್ನು ಕಳೆಯಲೇಬೇಕು.

ಗಿಡ ಸಾಯುವ ಮುಂಚೆ ಗಾರೆ ಬಳಿದಿರಲಾರರು, ತೂತು ಕೊರೆಯುವ ಮುಂಚೆ ಸುಣ್ಣ ಇಳಿದಿರಲಾರದು. ಒಂದು ಮೇಲಿನ ಗಡಿ, ಇನ್ನೊಂದು ಕೆಳಗಿನ ಗಡಿ. ಸುಣ್ಣದ ಕೋಲು ಕ್ರಿ.ಪೂ. 2ನೇ ಶತಮಾನಕ್ಕಿಂತ ಹಳೆಯದಾದ್ದರಿಂದ ಆ ವಾದ ಬಿದ್ದುಹೋಯಿತು. ಎರಡೂ ಸೇರಿ ಕ್ರಿ.ಪೂ. 700ರ ಆಸುಪಾಸಿಗೆ ಹೊಂದುತ್ತವೆ.

ಸುರಂಗದ ಗೋಡೆಯಲ್ಲಿ 1880ರಲ್ಲಿ ಹುಡುಗರ ಕಣ್ಣಿಗೆ ಬಿದ್ದ ಆರು ಸಾಲಿನ ಹೀಬ್ರೂ ಶಾಸನ ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಇನ್ನು ಮೂರು ಮೊಳ ಉಳಿದಿರುವಾಗ ಆಚೆಯವನ ಕೂಗು ಈಚೆಯವನಿಗೆ ಕೇಳಿಸಿತು, ಪಿಕಾಸಿಗೆ ಪಿಕಾಸಿ ಎದುರಾಯಿತು, ನೀರು 1,200 ಮೊಳ ಹರಿಯಿತು ಎಂದು ಅದು ಹೇಳುತ್ತದೆ. 533 ಮೀಟರನ್ನು 1,200ರಿಂದ ಭಾಗಿಸಿದರೆ ಮೊಳಕ್ಕೆ 44 ಸೆಂಟಿಮೀಟರ್. ಮೊಣಕೈಯಿಂದ ಬೆರಳ ತುದಿಗೆ ಅಳೆದು ನೋಡಿ, ಲೆಕ್ಕ ಎಷ್ಟು ಪ್ರಾಮಾಣಿಕವೆಂದು ತಿಳಿಯುತ್ತದೆ. ಆದರೆ ರಾಜನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಇಂಗಾಲವೂ 701 ಎಂಬ ಒಂದೇ ವರ್ಷಕ್ಕೆ ಬೆರಳು ತೋರಿಸಲಾರದು. ಕ್ರಿ.ಪೂ. 800ರಿಂದ 400ರವರೆಗೆ ಗಾಳಿಯ ಇಂಗಾಲ-14 ಏರುಪೇರಾದ್ದರಿಂದ ಲೆಕ್ಕದ ಗೆರೆ ಅಲ್ಲಿ ಬಹುತೇಕ ಚಪ್ಪಟೆ, ನಾಲ್ಕು ಶತಮಾನಗಳ ಚೂರುಗಳೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನವೆಂಬಂತೆ ಕಾಣುತ್ತವೆ.