ಗ್ಲೌಸ್ ಹಾಕಿಕೊಂಡೇ ಡೈ ಹಚ್ಚುತ್ತೇನೆ, ಆದರೂ ಕೈ ಯಾಕೆ ಒಡೆಯುತ್ತೆ?

ಸಲೂನ್ ಕೆಲಸದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಡೈ ಹಚ್ಚುವಾಗ ಗ್ಲೌಸ್ ಇರುತ್ತೆ, ಸರಿ. ಅದನ್ನು ತೊಳೆಯುವಾಗ? ಶಾಂಪೂ ಹಾಕುವಾಗ? ತುಂಬಾ ಜನ ಬರಿಗೈಯಲ್ಲೇ ಮಾಡುತ್ತಾರೆ, ತೊಂದರೆ ಶುರುವಾಗುವುದೂ ಅಲ್ಲೇ.

ಎಲ್ಲರೂ ಡೈಯನ್ನೇ ಬೈಯುತ್ತಾರೆ, ಆದರೆ ಸಾಮಾನ್ಯವಾಗಿ ಮೊದಲು ಚರ್ಮ ಕೆಡಿಸುವುದು ನೀರು ಮತ್ತು ಶಾಂಪೂ. ಚರ್ಮದ ಮೇಲ್ಪದರದ ಜಿಡ್ಡೇ ಅದಕ್ಕೆ ಕಾವಲು, ದಿನವಿಡೀ ತಲೆ ತೊಳೆಯುತ್ತಿದ್ದರೆ ಅದು ಸ್ವಲ್ಪ ಸ್ವಲ್ಪವೇ ಕೊಚ್ಚಿ ಹೋಗುತ್ತೆ. ನಿಮ್ಮ ಬೆರಳ ಸಂದುಗಳನ್ನು ಬಿಡಿಸಿ ನೋಡಿ. ಅಲ್ಲಿ ಒಣಗಿ, ಕೆಂಪಾಗಿ, ಸಣ್ಣಗೆ ಹೊಟ್ಟು ಏಳುತ್ತಿದ್ದರೆ ಅದೇ ಮೊದಲ ಗುರುತು, ಚಳಿಗೆ ಹೀಗಾಗಿದೆ ಅಂತ ಸುಮ್ನೆ ಬಿಡಬೇಡಿ. ಹೀಗೆ ಬಿರುಕು ಬಿಟ್ಟ ಚರ್ಮದೊಳಗೆ ಡೈಯಲ್ಲಿರುವ ಪಿಪಿಡಿ, ಬ್ಲೀಚ್‌ನಲ್ಲಿರುವ ಪರ್ಸಲ್ಫೇಟ್ ಎಂಬ ರಾಸಾಯನಿಕಗಳು ಸುಲಭವಾಗಿ ಇಳಿಯುತ್ತವೆ, ಒಮ್ಮೆ ಅಲರ್ಜಿ ಬಂತು ಅಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಈ ಕಾರಣಕ್ಕೆ ಕೆಲಸವನ್ನೇ ಬಿಟ್ಟವರಿದ್ದಾರೆ. ಕಲಿತ ಕೈಗೆ ಹಾಗಾಗಬಾರದು ಅಲ್ವಾ?

ಹಾಗಾಗಿ ತಲೆ ತೊಳೆಯಲೂ ಗ್ಲೌಸ್ ಬೇಕು. ಲೇಟೆಕ್ಸ್ ಅಂದರೆ ರಬ್ಬರ್ ಗ್ಲೌಸ್‌ನಿಂದಲೇ ಕೆಲವರಿಗೆ ಅಲರ್ಜಿ ಬರುತ್ತೆ, ನೈಟ್ರೈಲ್ ಗ್ಲೌಸ್ ತೆಗೆದುಕೊಳ್ಳಿ. ಮಣಿಕಟ್ಟು ದಾಟುವಷ್ಟು ಉದ್ದ ಇರಲಿ, ಅಂಚನ್ನು ಹೊರಕ್ಕೆ ಮಡಚಿದರೆ ಕೈ ಎತ್ತಿದಾಗ ನೀರು ತೋಳಿಗೆ ಇಳಿಯುವುದಿಲ್ಲ. ಕೈ ಪೂರ್ತಿ ಒರೆಸಿಕೊಂಡೇ ಹಾಕಿ. ಬಳಸಿದ್ದನ್ನು ತೊಳೆದು, ಒಳಹೊರಗು ಮಾಡಿ ಮತ್ತೆ ಹಾಕುವುದಂತೂ ಬೇಡವೇ ಬೇಡ: ಹೊರಗಿದ್ದ ಡೈ ನೇರ ಚರ್ಮಕ್ಕೇ ತಾಗುತ್ತೆ, ಮೇಲಿಂದ ಗ್ಲೌಸ್ ಅದನ್ನು ಒತ್ತಿ ಹಿಡಿದಿರುತ್ತೆ. ಇದು ಬರಿಗೈಗಿಂತ ಕಡೆ.

ಇನ್ನೊಂದು, ಕೂದಲು ಕತ್ತರಿಸುವುದನ್ನು ಮೊದಲು ಮುಗಿಸಿ, ಡೈ ಆಮೇಲೆ ಹಚ್ಚಿ. ಆಗಷ್ಟೇ ಡೈ ಮಾಡಿದ ಕೂದಲನ್ನು ಬರಿಬೆರಳಲ್ಲಿ ಹಿಡಿದು ಕತ್ತರಿಸಿದರೂ ಪಿಪಿಡಿ ಕೈಗೆ ತಾಗುತ್ತೆ. ಉಂಗುರ ತೆಗೆದಿಡಿ, ಅದರಡಿ ಶಾಂಪೂ ಕೂತಿರುತ್ತೆ. ಕ್ರೀಮ್ ಪರಿಮಳ ಇಲ್ಲದ್ದೇ ಇರಲಿ. ಕೆಲಸಕ್ಕೆ ಮುಂಚೆ, ನಡುವೆ, ಮಲಗುವಾಗ, ಬೆರಳ ಸಂದು ಬಿಡದೆ ಹಚ್ಚಿ.

ರಜೆಯಲ್ಲಿ ಕೈ ವಾಸಿಯಾಗಿ, ಕೆಲಸಕ್ಕೆ ಬಂದ ಮೇಲೆ ಮತ್ತೆ ತುರಿಸುತ್ತಿದೆಯಾ? ಹಾಗಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಯಾವುದಕ್ಕೆ ಅಲರ್ಜಿ ಅಂತ ನೋಡುವ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ ಸಾಮಾನ್ಯವಾಗಿ 48 ಗಂಟೆ ಬಿಡುತ್ತಾರೆ, ತೆಗೆದ ಮೇಲೂ ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ನೀವು ದಿನಾ ಮುಟ್ಟುವ ಡೈ, ಬ್ಲೀಚ್, ಶಾಂಪೂಗಳ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ, ಏನನ್ನು ಪರೀಕ್ಷಿಸಬೇಕು ಅಂತ ಡಾಕ್ಟರಿಗೆ ಬೇಗ ಗೊತ್ತಾಗುತ್ತೆ.