ಪಾತ್ರೆಗೆ ಮಸಿ ಹಿಡಿದರೆ ಮೊದಲು ಉರಿ ನೋಡಿ

ಗ್ಯಾಸ್ ಒಲೆ ರಿಪೇರಿಗೆ ಕರೆಯುವವರಲ್ಲಿ ಹೆಚ್ಚಿನವರು ಕಾಯಿಲೆ ಏನೆಂದು ಫೋನಿನಲ್ಲೇ ತೀರ್ಮಾನಿಸಿಬಿಟ್ಟಿರುತ್ತಾರೆ. "ಅಣ್ಣಾ, ಈ ಸಲ ಬಂದಿರೋ ಸಿಲಿಂಡರೇ ಸರಿ ಇಲ್ಲ, ಪಾತ್ರೆಯೆಲ್ಲ ಕಪ್ಪಾಗ್ತಿದೆ." ನಾನು ತಿರುಗಿ ಕೇಳುವುದು ಇಷ್ಟೇ: ಎಲ್ಲ ಬರ್ನರ್‌ನಲ್ಲೂ ಉರಿ ಹಳದಿಯೋ, ಒಂದರಲ್ಲಿ ಮಾತ್ರವೋ? ಒಂದರಲ್ಲಿ ಮಾತ್ರ ಎಂದರೆ ಸಿಲಿಂಡರ್ ಬೈಸಿಕೊಳ್ಳಬೇಕಾಗಿಲ್ಲ. ಎಲ್ಲ ಬರ್ನರ್‌ಗೂ ಹೋಗುವುದು ಅದೇ ಗ್ಯಾಸ್, ಅದೇ ರೆಗ್ಯುಲೇಟರ್, ಅದೇ ಪೈಪು. ಹಾಗಿರುವಾಗ ತೊಂದರೆ ಆ ಒಂದು ಬರ್ನರ್‌ನಲ್ಲೋ, ಅದಕ್ಕೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಹಿತ್ತಾಳೆ ತುಣುಕಾದ ಜೆಟ್‌ನಲ್ಲೋ, ನಾಬ್‌ನಲ್ಲೋ ಇರಲೇಬೇಕು. ಎಲ್ಲದರಲ್ಲೂ ಉರಿ ಸಣ್ಣಗಾಗಿದ್ದರೆ ರೆಗ್ಯುಲೇಟರ್, ಪೈಪಿನ ಕಡೆ ಕೈ ಹಾಕಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮಸಿ ಹಿಡಿಯುವುದಕ್ಕೆ ಕಾರಣ ಬಹುಮಟ್ಟಿಗೆ ಗಾಳಿಯ ಕೊರತೆ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯುಟೇನ್‌ಗೆ ಇನ್ನೂ ಹೆಚ್ಚು. ನಮ್ಮ ಅಡುಗೆ ಗ್ಯಾಸ್ ಇವೆರಡರ ಮಿಶ್ರಣ. ರೆಗ್ಯುಲೇಟರ್ ದಾಟಿ ಬಂದ ಗ್ಯಾಸಿನ ಒತ್ತಡ ತೀರ ಕಡಿಮೆ, ಸುಮಾರು 30 ಮಿಲಿಬಾರ್. ಆ ಅಲ್ಪ ಒತ್ತಡದಲ್ಲೇ ಅದು ಜೆಟ್‌ನ ಸಣ್ಣ ತೂತಿನಿಂದ ಚಿಮ್ಮಿ, ಒಲೆಯ ಅಡಿಯಲ್ಲಿರುವ ಕೊಳವೆಯ ಬಾಯಿಂದ ಗಾಳಿಯನ್ನು ಎಳೆದುಕೊಂಡು ಬರ್ನರ್‌ಗೆ ಹೋಗಬೇಕು. ಆ ಕೊಳವೆಯೊಳಗೆ ಜೇಡ ಬಲೆ ಕಟ್ಟಿದರೆ, ಜಿರಲೆ ಸೇರಿಕೊಂಡರೆ, ಉಕ್ಕಿದ ಹಾಲು ಒಣಗಿ ಕೂತರೆ ಗಾಳಿ ಸಾಲದಾಗುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರ ಮನೆಯಲ್ಲಿ ಒಲೆ ಕೆಡುವುದು ಹೆಚ್ಚಾಗಿ ಹೀಗೆಯೇ. ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ತೆಗೆದು, ಬಾಟಲಿ ತೊಳೆಯುವ ಸಣ್ಣ ಬ್ರಷ್ ಆಡಿಸಿದರೆ ಸಾಕು. ಇದಕ್ಕೆ ನನ್ನಂಥವನನ್ನು ಕರೆಯಬೇಕಾಗಿಲ್ಲ.

ಹಳದಿಗೂ ಕಿತ್ತಳೆಗೂ ವ್ಯತ್ಯಾಸವಿದೆ. ಅನ್ನದ ಗಂಜಿ ಉಕ್ಕಿದಾಗ, ಉಪ್ಪು ಬಿದ್ದಾಗ, ಅಡುಗೆಮನೆ ಗುಡಿಸಿ ಧೂಳೆದ್ದಾಗ ನೀಲಿ ಉರಿಯ ನಡುವೆ ಕಿತ್ತಳೆ ಎಳೆಗಳು ಕಾಣುತ್ತವೆ. ಅದು ಉಪ್ಪಿನ ಸೋಡಿಯಂ ಉರಿಗೆ ಕೊಡುವ ಬಣ್ಣ. ಪಾತ್ರೆ ಕಪ್ಪಾಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ಅನುಮಾನವಿದ್ದರೆ ತೊಳೆದು ಒಣಗಿಸಿದ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ಎರಡು ನಿಮಿಷ ಕಾಯಿಸಿ ತಳ ನೋಡಿ. ಮಸಿ ಇದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಹಾಗೆ ಅರೆಬರೆ ಉರಿಯುವ ಗ್ಯಾಸ್‌ನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿಯೆಂದು ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವ ಮನೆಗಳಲ್ಲಿ ನಾನು ಇದನ್ನು ಒತ್ತಿ ಹೇಳುತ್ತೇನೆ.

ಸಿಲಿಂಡರ್ ಮುಗಿಯುತ್ತ ಬಂದಾಗ ಉರಿಯ ತುದಿ ಹಳದಿಯಾಗುವುದುಂಟು. ಪ್ರೊಪೇನ್ ಬೇಗ ಆವಿಯಾಗಿ ಹೋಗಿ, ತಳದಲ್ಲಿ ಬ್ಯುಟೇನ್ ಹೆಚ್ಚು ಉಳಿದಿರುತ್ತದೆ. ಆಗ "ಇನ್ನೆರಡು ದಿನ ಬರುತ್ತೆ" ಎಂದು ಸಿಲಿಂಡರ್ ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಎಷ್ಟೋ ಮನೆಗಳಲ್ಲಿ ರೂಢಿ. ದಯವಿಟ್ಟು ಬೇಡ. ಮಲಗಿಸಿದಾಗ ಆವಿಯ ಬದಲು ದ್ರವ ರೆಗ್ಯುಲೇಟರ್‌ಗೆ ನುಗ್ಗಬಹುದು. ದ್ರವ ಗ್ಯಾಸ್ ಆವಿಯಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಒಂದು ಚಮಚದಷ್ಟು ದ್ರವ ಪೈಪಿಗೆ ಬಂದರೂ ಬರ್ನರ್ ಮೇಲೆ ಉರಿ ಆಳೆತ್ತರಕ್ಕೆ ಏಳಬಹುದು.

ನನಗೆ ನಿಜವಾಗಿ ಬೇಸರ ತರುವುದು ಜೆಟ್‌ಗೆ ಪಿನ್ನು ಚುಚ್ಚುವ ಅಭ್ಯಾಸ. ಉರಿ ಸಣ್ಣಗಾಯಿತು, ಸೇಫ್ಟಿ ಪಿನ್ ತಗೊಂಡು ತಿರುವಿದರು, ಉರಿ ದೊಡ್ಡದಾಯಿತು, ಎಲ್ಲರಿಗೂ ಖುಷಿ. ಜೆಟ್ ಹಿತ್ತಾಳೆಯದು, ಪಿನ್ನು ಉಕ್ಕಿನದು. ಮೆತ್ತನೆಯ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ತೂತಿನ ಅಗಲ 0.7 ಮಿಲಿಮೀಟರ್‌ನಿಂದ 0.8 ಆದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಹಾದುಹೋಗುವ ಗ್ಯಾಸ್ ಸುಮಾರು ಶೇ. 30 ಹೆಚ್ಚುತ್ತದೆ. ಕೊಳವೆ, ಬರ್ನರ್ ಎರಡೂ ಹಳೆಯ ಅಳತೆಯವೇ ಆದ್ದರಿಂದ ಅಷ್ಟು ಗ್ಯಾಸಿಗೆ ಬೇಕಾದ ಗಾಳಿ ಸಿಗುವುದಿಲ್ಲ. ಮಸಿ ಶುರುವಾಗುತ್ತದೆ, ಉರಿ ಪಾತ್ರೆಯ ಅಂಚು ದಾಟಿ ಗಾಳಿಗೆ ಹೋಗುತ್ತದೆ, 14.2 ಕೆಜಿಯ ಸಿಲಿಂಡರ್ ಮುಂಚಿಗಿಂತ ಬೇಗ ಮುಗಿಯುತ್ತದೆ. ಆಮೇಲೆ ಏಜೆನ್ಸಿಯವರು ತೂಕದಲ್ಲಿ ಮೋಸ ಮಾಡಿದರೆಂಬ ಅನುಮಾನ. ಕಟ್ಟಿದ ಜೆಟ್ ಬಿಡಿಸಬೇಕೆಂದರೆ ವಿದ್ಯುತ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ತೂತಿಗಿಂತ ತೆಳುವಾದ ಎಳೆಯನ್ನು ತಿರುಚದೆ ಒಮ್ಮೆ ದಾಟಿಸಿ, ಊದಿ. ತೂತು ಆಗಲೇ ದೊಡ್ಡದಾಗಿದ್ದರೆ ಹೊಸ ಜೆಟ್ ಹಾಕಿಸಿ. ಅದು ದುಬಾರಿ ವಸ್ತುವಲ್ಲ.

ಹಿತ್ತಾಳೆ ಬರ್ನರ್ ತೊಳೆಯಲು ಹುಣಸೆಹಣ್ಣಿನ ಬಿಸಿನೀರು ಚೆನ್ನ. ಅದರ ಕೆಳಭಾಗ ಅಲ್ಯೂಮಿನಿಯಂ ಆಗಿದ್ದರೆ ವಾಷಿಂಗ್ ಸೋಡಾದಲ್ಲಿ ಮಾತ್ರ ನೆನೆಸಬೇಡಿ, ಸೋಡಾ ಅದನ್ನು ತಿಂದುಹಾಕುತ್ತದೆ. ತೊಳೆದ ಮೇಲೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ದೊಡ್ಡದರ ಜಾಗದಲ್ಲಿ ಚಿಕ್ಕದು ಕೂರದಂತೆ, ವಾಲದಂತೆ ಕೂರಿಸಿ. ಸರಿಯಾಗಿ ಕೂರದ ಬರ್ನರ್‌ನ ಅಡಿಯಿಂದ ಉರಿ ಹೊರಬಂದು ನಾಬ್ ಕಾಯುತ್ತದೆ.

ಕೆಲವೊಮ್ಮೆ "ಟಪ್" ಎಂಬ ಸದ್ದಿನೊಡನೆ ಉರಿ ಬರ್ನರ್ ಬಿಟ್ಟು ಕೊಳವೆಯೊಳಗೆ ಜೆಟ್ ಹತ್ತಿರವೇ ಉರಿಯತೊಡಗುತ್ತದೆ. ಮೇಲೆ ಉರಿ ಕಾಣುವುದಿಲ್ಲ, ಒಳಗಿಂದ ಬುಸುಗುಡುವ ಸದ್ದು ಕೇಳುತ್ತದೆ. ತಕ್ಷಣ ನಾಬ್ ಆಫ್ ಮಾಡಿ, ಕೊಳವೆ ಆರುವವರೆಗೆ ಹಚ್ಚಬೇಡಿ. ಅರ್ಧ ಕಟ್ಟಿದ ಜೆಟ್ ಅಥವಾ ತೂತು ಸವೆದು ಸೊಟ್ಟಗಾದ ಬರ್ನರ್ ಇದಕ್ಕೆ ಕಾರಣ. ಅದೇ, ಉರಿ ಬರ್ನರ್‌ಗೆ ಅಂಟದೆ ಮೇಲೆ ತೇಲುತ್ತ ಸುಯ್ಯೆನ್ನುತ್ತಿದ್ದರೆ, ಅದೂ ಎಲ್ಲ ಬರ್ನರ್‌ನಲ್ಲಿ ಹಾಗಾದರೆ, ರೆಗ್ಯುಲೇಟರ್ ಮೇಲೆ ಅನುಮಾನಪಡಿ. ರೆಗ್ಯುಲೇಟರ್ ಬಿಚ್ಚಿ ರಿಪೇರಿ ಮಾಡುತ್ತೇನೆ ಎನ್ನುವವರನ್ನು ನಂಬಬೇಡಿ, ಏಜೆನ್ಸಿಯಿಂದ ಬದಲಿಸಿಕೊಳ್ಳಿ.

ನಾಬ್ ಬಿಗಿಯಾಗುವುದು ಒಳಗಿನ ಗ್ರೀಸ್ ಕಾವಿಗೆ ಒಣಗಿ. ಅಡುಗೆ ಎಣ್ಣೆ ಬಿಟ್ಟರೆ ಎರಡು ದಿನ ಸಲೀಸಾಗಿ ತಿರುಗಿ, ಆಮೇಲೆ ಅಂಟಾಗಿ ಮೊದಲಿಗಿಂತ ಬಿಗಿಯಾಗುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿದು ಗ್ಯಾಸ್ ಸೋರಬಹುದು. ಇದನ್ನು ಮೆಕ್ಯಾನಿಕ್‌ಗೆ ಬಿಡಿ.

ಸೋರಿಕೆ ಪರೀಕ್ಷೆಗೆ ಸೋಪಿನ ನೊರೆ ಮಾತ್ರ. ಬೆಂಕಿಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆ, ಅದು ಜೀವದ ಜೊತೆ ಆಟ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ, ಇಲಿ ಕಡಿದಿದ್ದರೆ ಅದೇ ದಿನ. ಹೊಸ ಸಿಲಿಂಡರ್ ಬಂದಾಗ ವಾಲ್ವ್‌ನೊಳಗಿನ ರಬ್ಬರ್ ವಾಷರ್ ಇದೆಯೇ, ಸೋರುತ್ತಿಲ್ಲವೇ ಎಂದು ತಂದವರ ಕೈಯಲ್ಲೇ ಪರೀಕ್ಷೆ ಮಾಡಿಸಿ. ಈಗಿನ ಅಡುಗೆಮನೆಗಳಲ್ಲಿ ಸಿಲಿಂಡರನ್ನು ಕಟ್ಟೆಯ ಕೆಳಗೆ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಬೀರುವಿನ ಬಾಗಿಲಿನ ತಳಭಾಗದಲ್ಲಿ ಗಾಳಿಕಿಂಡಿ ಇಲ್ಲದಿದ್ದರೆ ಇಂದೇ ಬಡಗಿಯನ್ನು ಕರೆಸಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ ಆರಿಸುವುದೂ ಬೇಡ. ನಾಬ್, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಬೆಂಗಳೂರು, ಮಂಗಳೂರಿನ ಓದುಗರಿಗೆ ಇನ್ನೊಂದು ಮಾತು. ಪೈಪಿನಲ್ಲಿ ಬರುವ ನೈಸರ್ಗಿಕ ಗ್ಯಾಸ್ ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ಸೂರಿನ ಕಡೆ ಏರುತ್ತದೆ. ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸ್ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಕೊಡುತ್ತದೆ. ಅದಕ್ಕೇ ಪೈಪಿನ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು, ಸಂಪರ್ಕ ಕೊಡುವಾಗ ಒಲೆಯ ಜೆಟ್ ಬದಲಿಸುತ್ತಾರೆ. ಹಳೆಯದನ್ನೇ ಡ್ರಿಲ್ಲಿನಲ್ಲಿ ಕೊರೆದು ಕೊಟ್ಟರೆ ಒಪ್ಪಬೇಡಿ, ತೂತು ನೆಟ್ಟಗಿರದೆ ಗ್ಯಾಸ್ ಕೊಳವೆಯ ಗೋಡೆಗೆ ಬಡಿಯುತ್ತದೆ. ಅಪಾಯ ಹೆಚ್ಚಿರುವುದು ತಿರುಗು ಪ್ರಯಾಣದಲ್ಲಿ. ನಗರದಲ್ಲಿ ಹೊಸ ಒಲೆ ಕೊಂಡು, ಹಳೆಯದನ್ನು ಊರಲ್ಲಿರುವ ಅಮ್ಮನಿಗೆ ಕಳಿಸುತ್ತಾರೆ. ಅಲ್ಲಿ ಅದಕ್ಕೆ ಸಿಲಿಂಡರ್ ಜೋಡಿಸಿ ಹಚ್ಚಿದರೆ ಮೊಳದುದ್ದದ ಹಳದಿ ಉರಿ ಸೀರೆಯ ಸೆರಗಿನವರೆಗೆ ಬರುತ್ತದೆ. ಜೆಟ್ ಬದಲಿಸಿದ ದಿನ ತೆಗೆದ ಹಳೆಯ ಜೆಟ್‌ಗಳನ್ನು ಕೇಳಿ ಪಡೆದು, ಯಾವ ಬರ್ನರ್‌ನದು ಯಾವುದೆಂದು ಬರೆದು, ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ. ಒಲೆ ಊರಿಗೆ ಹೊರಡುವ ಮುನ್ನ ಅವನ್ನು ತಿರುಗಿ ಹಾಕಿಸಿ ಕಳಿಸಿ.